ಮಾಸ್ತರರ ಪಾಲಿನ ಒಡ್ಡು

ಬೆಳಂಬಾರದ ಹೈಸ್ಕೂಲಿನಲ್ಲಿ ಬೇಸಾಯದ ಪಾಠ ಹೇಳುತ್ತಿದ್ದ ಪುಂಡಲೀಕ ಮಾಸ್ತರರಿಗೆ ಕುರ್ಚಿಯ ಮೇಲೆ ಕೂತು ಪಾಠ ಮಾಡುವುದು ಆಗಿಬರುತ್ತಲೇ ಇರಲಿಲ್ಲ. ಗಂಟೆ ಹೊಡೆದದ್ದೇ ತಡ, "ಏಳ್ರೋ, ಏಳ್ರೇ! ಪುಸ್ತಕ ಇಲ್ಲೇ ಇರ್ಲಿ, ಅದೆಂತ ಓಡಿಹೋಗೂದಿಲ್ಲ" ಎಂದು ಇಡೀ ಒಂಬತ್ತನೇ ತರಗತಿಯನ್ನು ಎಬ್ಬಿಸಿಕೊಂಡು ಗಜನಿಯ ಕಡೆ ಹೊರಟುಬಿಡುತ್ತಿದ್ದರು. ಮುಂದೆ ಕೊಡೆ ಬೀಸುತ್ತ ಅವರು, ಹಿಂದೆ ಕೂಗಾಡುತ್ತ ಮಕ್ಕಳು. ಪಕ್ಕದ ಕೋಣೆಯಲ್ಲಿ ಗಣಿತ ಹೇಳುವವರು ಹಲ್ಲು ಕಡಿಯುತ್ತಿದ್ದರು. ಕಡಿಯಲಿ ಬಿಡಿ, ಮಕ್ಕಳಿಗಂತೂ ವಾರದಲ್ಲಿ ಅದೊಂದೇ ಪಾಠ ಬೇಗ ಮುಗಿಯಿತಲ್ಲ ಅನ್ನಿಸುತ್ತಿತ್ತು.

ಗಜನಿ ಎಂದರೆ ಸಮುದ್ರದ ನೀರು ಹಳ್ಳದೊಳಗೆ ಏರಿ ಇಳಿಯುವ ಜಾಗದಲ್ಲಿ ಮಣ್ಣಿನ ಒಡ್ಡು ಹಾಕಿ ಮಾಡಿಕೊಂಡ ಗದ್ದೆ. ಒಡ್ಡಿನ ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಭತ್ತ. ನಡುವೆ ಜಂತ್ರಡಿ ಎಂಬ ಹಲಗೆಯ ಬಾಗಿಲು. ಇಳಿತದಲ್ಲಿ ಅದನ್ನು ತೆರೆದರೆ ಗದ್ದೆಯ ನೀರು ಹೊರಗೆ ಹೋಗುತ್ತದೆ, ಭರತಿಯಲ್ಲಿ ಮುಚ್ಚಿದರೆ ಉಪ್ಪುನೀರು ಹೊರಗೇ ನಿಲ್ಲುತ್ತದೆ. ಮಾಸ್ತರರು ಒಡ್ಡಿನ ಮೇಲೆ ನಿಂತು ಕೊಡೆಯ ತುದಿಯಿಂದ ಒಂದೊಂದನ್ನೂ ತೋರಿಸುತ್ತಿದ್ದರು. ಉಪ್ಪುನೀರಲ್ಲೇ ಬೆಳೆಯುವ ಈ ಕಾಂಡ್ಲಾ ಗಿಡ ಯಾಕೆ ಕಡಿಯಬಾರದು? ಅದರ ಬೇರು ಒಡ್ಡನ್ನು ಹಿಡಿದಿಟ್ಟಿದೆ. ಏಡಿ ಕೊರೆದ ತೂತನ್ನು ಯಾಕೆ ಅಂದೇ ಮುಚ್ಚಬೇಕು? ಇಂದು ಬೆರಳು ಹೋಗುವ ತೂತಿನಲ್ಲಿ ನಾಳೆ ಕೋಣ ಹೋಗುತ್ತದೆ. ಉಪ್ಪುನೀರು ಒಳಗೆ ಬಿಟ್ಟು ಸಿಗಡಿ ಬೆಳೆಸುವ ಗುತ್ತಿಗೆಯವರು ಬಂದು ಜಂತ್ರಡಿ ನಮಗೆ ಬಿಡಿ ಎಂದರೆ ಬಿಡಬೇಕೋ ಬೇಡವೋ? ಮಕ್ಕಳು ಗಂಟಲು ಹರಿಯುವಂತೆ "ಬ್ಯಾಡಾ!" ಎನ್ನುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಪ್ರೀತಿಯ ಪಾಠವೆಂದರೆ ಪಾಲಿನದು. ಆ ಒಡ್ಡನ್ನು ಗಜನಿಯ ಮನೆಗಳೆಲ್ಲ ಪಾಲು ಹಾಕಿಕೊಂಡಿದ್ದವು. ಇಲ್ಲಿಂದ ಆ ಕಲ್ಲಿನ ತನಕ ಇವರದು, ಅಲ್ಲಿಂದ ಆಚೆ ಅವರದು. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಪ್ರತಿ ಮನೆಯವರೂ ಇಳಿದು ಹಳ್ಳದ ಜಿಗುಟು ಮಣ್ಣನ್ನು ಎತ್ತಿ ತಮ್ಮ ಪಾಲಿಗೆ ಮೆತ್ತಬೇಕು. ಇನ್ನೊಬ್ಬರ ಪಾಲನ್ನು ದೊಡ್ಡವರು ಯಾರೂ ಮುಟ್ಟುವಂತಿಲ್ಲ. ಗಂಡಸು ಸತ್ತು ಮನೆ ಬಾಗಿಲು ಹಾಕಿದವರ ಪಾಲಿಗೆ ಮಾತ್ರ ಊರವರು ಮಣ್ಣು ಹಾಕುತ್ತಾರೆ. ಬದುಕಿದ್ದವನ ಪಾಲಿಗೆ ಮಣ್ಣು ಹಾಕುವುದೆಂದರೆ ನೀನು ಸತ್ತೆ ಎಂದು ಮುಖಕ್ಕೆ ಹೇಳಿದ ಹಾಗೆ. "ನೋಡ್ರೋ, ಇದಕ್ಕೆ ಪೊಲೀಸರು ಬೇಡ, ಕಚೇರಿ ಬೇಡ" ಎಂದು ಮಾಸ್ತರರು ಎದೆ ಉಬ್ಬಿಸಿ ಹೇಳುತ್ತಿದ್ದರು. "ನಾಚಿಕೆ ಅಂಬುದೊಂದಿದ್ರೆ ಸಾಕು. ನಾಳೆ ಬೇಸಾಯ ಉಳಿದ್ರೆ ಹೀಂಗೇ ಉಳಿಯೂದು."

ಜಂತ್ರಡಿಗೆ ತಾಗಿದ ಪಾಲು ಮಾಸ್ತರರದ್ದೇ. ಅಪ್ಪ ಇದ್ದಷ್ಟು ಕಾಲ ಅದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಪ್ಪ ತೀರಿಕೊಂಡರು, ಮಾಸ್ತರರು ಅಂಕೋಲೆ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದರು. ಗದ್ದೆಯನ್ನು ಪಕ್ಕದ ಹೊನ್ನ ಗೇಣಿಗೆ ನೋಡಿಕೊಂಡ, ಆದರೆ ಒಡ್ಡಿನ ಪಾಲಿನ ಹೊಣೆ ಮಾತ್ರ ಗದ್ದೆಯ ಒಡೆಯನದೇ. ಮೊದಲೆರಡು ಮೂರು ವರ್ಷ ಮಾಸ್ತರರು ಮೇ ತಿಂಗಳಲ್ಲಿ ಬಂದು ಇಳಿದರು. ಆಮೇಲೆ ಕಾರವಾರದಲ್ಲಿ ಎಸ್ಸೆಸ್ಸೆಲ್ಸಿ ಪೇಪರು ತಿದ್ದುವ ಕೆಲಸ ಬಂತು. ಬೆನ್ನುನೋವು ಬಂತು. ಮದುವೆ ಮುಂಜಿ ಬಂತು. ಬರದೇ ಇರುವುದಕ್ಕೆ ಕಾರಣ ಹುಡುಕುವವನಿಗೆ ಕಾರಣಕ್ಕೇನು ಬರ! ಮಕ್ಕಳನ್ನು ಗಜನಿಗೆ ಕರೆತಂದಾಗಲೂ ತಮ್ಮ ಪಾಲಿನ ತನಕ ಹೋಗದೆ ದೂರದಿಂದಲೇ ಕೊಡೆ ತೋರಿಸಿ ತಿರುಗುತ್ತಿದ್ದರು.

ಹೀಗಿರುವಾಗ ತೊಂಬತ್ತೊಂದರ ಜೂನ್ ಬಂತು. ಶಾಲೆಯ ಸಮಿತಿಯವರು ಬೇಸಾಯದ ಪಾಠ ತೆಗೆದು ಟೈಪಿಂಗ್ ಹಾಕಬೇಕೆಂದು ಹಟ ಹಿಡಿದಿದ್ದರು. ಕಾರವಾರಕ್ಕೆ ನೇವಿ ಬರುತ್ತದಂತೆ, ರೈಲು ಬರುತ್ತದಂತೆ, ಇನ್ನು ಮಕ್ಕಳಿಗೆ ಏಡಿ ತೂತು ಮುಚ್ಚುವ ವಿದ್ಯೆ ಯಾಕೆ ಎಂದು ಅವರ ಮಾತು. ತೀರ್ಮಾನ ಕಾರವಾರದ ಶಿಕ್ಷಣ ಇಲಾಖೆಯ ಸಾಹೇಬರ ಕೈಯಲ್ಲಿತ್ತು. ಅವರು ಗುರುವಾರ ಬಂದು ಒಂದು ಪಾಠ ನೋಡುತ್ತಾರೆ, ಮೆಚ್ಚಿದರೆ ಬೇಸಾಯ ಉಳಿಯುತ್ತದೆ, ಇಲ್ಲದಿದ್ದರೆ ಪುಂಡಲೀಕ ಮಾಸ್ತರರ ಹತ್ತು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಮಾಸ್ತರರಿಗೆ ಅನ್ನ ಇಳಿಯಲಿಲ್ಲ. ಆ ಪಾಠ ಅವರಿಗೆ ಬರೀ ನೌಕರಿಯಾಗಿರಲಿಲ್ಲ, ತಾನು ಒಬ್ಬ ಮನುಷ್ಯ ಎನ್ನಿಸುತ್ತಿದ್ದದ್ದೇ ಅದರಿಂದ.

ಸಾಹೇಬರೆದುರು ಮಕ್ಕಳು ಸ್ವಂತ ಕಣ್ಣಿನಿಂದ ನೋಡಿದ್ದನ್ನು ಹೇಳಬೇಕೆಂದು ಅವರು ಆರು ಮಂದಿಯನ್ನು ಆರಿಸಿದರು. ಅವರಲ್ಲಿ ಕೂಲಿ ಮಾಡುವ ಕಮಲಿಯ ಮಗಳು ವಿನುತಾ ಎಲ್ಲರಿಗಿಂತ ಚುರುಕು. ತಿಮ್ಮು ಮಾತು ಕಮ್ಮಿ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. "ಭಾನುವಾರ ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿ ನಡೀರಿ" ಎಂದರು ಮಾಸ್ತರರು. "ಎಲ್ಲೆಲ್ಲಿ ಸಡಿಲ ಅದೆ ನೋಡಿ. ಯಾರ ಪಾಲು ಅಂತ ಕೇಳಿ. ಕೇಳೂಕೆ ಹೆದರ್ಬ್ಯಾಡಿ, ನಾಚಿಕೆ ಆಗ್ಬೇಕಾದ್ದು ಅವರಿಗೆ, ನಿಮಗಲ್ಲ."

ಸೋಮವಾರ ಮಕ್ಕಳು ಬಂದು ವರದಿ ಒಪ್ಪಿಸಿದರು. ಹುಲಿಯಾನ ಪಾಲಿನಲ್ಲಿ ಏಡಿ ತೂತು, ಹೇಳಿದ ಕೂಡಲೇ ಮುಚ್ಚಿದ. ಮಾದಿಯ ಮನೆಯ ಪಾಲು ಸ್ವಲ್ಪ ಕುಸಿದಿತ್ತು, ಅವಳ ಮಗ ಅಲ್ಲೇ ಮಣ್ಣು ಹಾಕಿದ. ಮಾಸ್ತರರು ಖುಷಿಯಿಂದ ತೊಡೆ ತಟ್ಟಿಕೊಂಡರು. ಕೊನೆಗೆ ನಗುತ್ತ ಕೇಳಿದರು. "ನನ್ನ ಪಾಲು ಹೇಂಗದೆ? ಮಾಸ್ತರರು ಅಂತ ಬಿಡ್ಬ್ಯಾಡಿ ಮತ್ತೆ!"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಮ್ಮು ಬಾಯಿ ತೆರೆಯುವಷ್ಟರಲ್ಲಿ ವಿನುತಾ, "ಚೊಲೋ ಅದೆ ಮಾಸ್ತರೇ" ಎಂದಳು.

ಒಡ್ಡು ಜೋಪಾನ ಎಂದು ಹೊನ್ನ ಬಸ್ಸಿನ ಕಂಡಕ್ಟರನ ಬಾಯಲ್ಲಿ ಎರಡು ಸಲ ಹೇಳಿಕಳಿಸಿದ್ದು ಮಾಸ್ತರರಿಗೆ ನೆನಪಿತ್ತು. ಆದರೂ ಅವಳ ಮಾತನ್ನು ನಂಬಿಬಿಟ್ಟರು. ನಂಬುವುದೇ ಸಲೀಸಾಗಿತ್ತು.

ಗುರುವಾರ ಬೆಳಿಗ್ಗೆ ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೇ ಶಾಲೆಗೆ ಬಂದರು. ನೆಲ ಗುಡಿಸಿ, ಹಲಗೆ ಒರೆಸಿ, ಬಣ್ಣದ ಸುಣ್ಣಕಡ್ಡಿಯಲ್ಲಿ ಗಜನಿಯ ಚಿತ್ರ ಬರೆದರು. ಪ್ರಾರ್ಥನೆ ಮುಗಿಯಿತು. ಆರೂ ಮಕ್ಕಳ ಸುದ್ದಿಯಿಲ್ಲ. ಹೆಡ್ ಮಾಸ್ತರರು ಬಂದು, "ಏನ್ರೀ, ನಿಮ್ಮ ಪಂಡಿತರೆಲ್ಲ ಎಲ್ಲಿ?" ಎಂದು ಚುಚ್ಚಿ ಹೋದರು. ಮಾಸ್ತರರು ಬಾಗಿಲಿಗೂ ಹಲಗೆಗೂ ನಡೆದಾಡಿದರು. ಅಷ್ಟರಲ್ಲಿ ದೂರದಲ್ಲಿ ಸಾಹೇಬರ ಜೀಪಿನ ಸದ್ದು. ಅದೇ ಹೊತ್ತಿಗೆ ಹಿಂದಿನ ಬೇಲಿ ದಾಟಿ ಆ ಆರು ಮಂದಿ ಏದುಸಿರು ಬಿಡುತ್ತ ಓಡಿಬಂದರು.

ಅಯ್ಯೋ, ಏನು ಅವತಾರ! ಸೊಂಟದ ತನಕ ಕಪ್ಪು ಕೆಸರು. ವಿನುತಾಳ ಬಿಳಿ ಅಂಗಿ ಯಾವ ಬಣ್ಣವೆಂದು ಹೇಳುವ ಹಾಗಿರಲಿಲ್ಲ, ಜಡೆಯಲ್ಲಿ ಮಣ್ಣು ಒಣಗಿ ಕಟ್ಟಿತ್ತು. ತಿಮ್ಮುವಿನ ಮೊಣಕೈಯಿಂದ ಇನ್ನೂ ಕೆಸರು ನೀರು ತೊಟ್ಟಿಕ್ಕುತ್ತಿತ್ತು. ಹಳ್ಳದ ಮಣ್ಣಿನ ವಾಸನೆ ಗಪ್ಪೆಂದು ಕೋಣೆ ತುಂಬಿತು.

"ಮಾಸ್ತರೇ, ಬಾವೀಲಿ ತೊಳ್ಕಂಡು ಈಗ್ಲೇ..." ಎಂದಳು ವಿನುತಾ.

"ಬಾಯ್ಮುಚ್ಚು!" ಮಾಸ್ತರರ ದನಿ ಶಾಲೆಯ ಹಂಚು ಹಾರುವ ಹಾಗೆ ಎದ್ದಿತು. "ಇವತ್ತೇ ಸಿಕ್ತೋ ನಿಮಗೆ ಕೆಸರಲ್ಲಿ ಹೊರಳೂಕೆ? ಕೂಲಿಯವರ ಹಾಂಗೆ ಮಣ್ಣು ಮೆತ್ಕಂಡು ಬಂದ್ರಲ್ಲ! ಮಣ್ಣಲ್ಲೇ ಸಾಯೂದಾದ್ರೆ ಶಾಲೆಗೆ ಯಾಕೆ ಬರ್ತ್ರಿ? ಹೋಗಿ, ಕಟ್ಟಿಗೆ ಕೊಟ್ಟಿಗೆ ಹಿಂದೆ ನಿಲ್ಲಿ. ಸಾಹೇಬ್ರ ಕಣ್ಣಿಗೆ ಬಿದ್ರೆ ಕಾಲು ಮುರೀತೆ!"

ಏನೋ ಹೇಳಲು ಹೊರಟ ತಿಮ್ಮುವಿನ ಅಂಗಿಯನ್ನು ವಿನುತಾ ಹಿಡಿದು ಎಳೆದಳು. ಆರೂ ಮಂದಿ ತಲೆ ತಗ್ಗಿಸಿ ಸಾಲಾಗಿ ಹೊರಗೆ ಹೋದರು. ಅವರು ನಡೆದಲ್ಲೆಲ್ಲ ಗುಡಿಸಿದ ನೆಲದ ಮೇಲೆ ಕೆಸರಿನ ಹೆಜ್ಜೆ ಬಿದ್ದಿತ್ತು, ಮಾಸ್ತರರು ತಾವೇ ಗೋಣಿತಾಟು ಹಾಕಿ ತಿಕ್ಕಿದರು.

ಸಾಹೇಬರು ಒಳ್ಳೆಯವರೇ. ಕೂತು ಗಮನವಿಟ್ಟು ಕೇಳಿದರು. ಆರು ಮಂದಿ ಹೇಳಬೇಕಾದ್ದನ್ನು ಮಾಸ್ತರರು ಉಳಿದ ಮಕ್ಕಳಿಂದ ಹೇಗೋ ಹೇಳಿಸಿದರು. ಅಂಕೋಲೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಗುಮಾಸ್ತರ ಮಗ ಗಣೇಶ ಒಮ್ಮೆಯೂ ಒಡ್ಡಿನಿಂದ ಕೆಳಗೆ ಇಳಿದವನಲ್ಲ, ಆದರೆ ಜಂತ್ರಡಿಯ ಬಗ್ಗೆ ಪುಸ್ತಕದ ಸಾಲನ್ನು ಮಣಮಣ ಒಪ್ಪಿಸಿದ. ಮಾಸ್ತರರು ಪಾಲಿನ ವಿಷಯ ಹೇಳಿದರು, ನಾಚಿಕೆಯ ವಿಷಯ ಹೇಳಿದರು, ನಾಳೆಯ ಬೇಸಾಯ ಈ ಮಕ್ಕಳ ಕೈಯಲ್ಲಿ ಎಂದರು. ಮಾತು ಅವರ ನಾಲಿಗೆಯ ಮೇಲೆ ಯಾವತ್ತಿನಂತೆ ಸರಾಗವಾಗಿ ಹರಿಯಿತು.

ಸಾಹೇಬರು ಎದ್ದು ಕಿಟಕಿಯ ಹತ್ತಿರ ಬಂದರು. ಕೊಟ್ಟಿಗೆಯ ಮರೆಯಲ್ಲಿ ನಿಂತ ಮಕ್ಕಳ ತಲೆ ಕಂಡಿತು. "ಅವರು ಯಾರು ಮಾಸ್ತರೇ? ಮೈಯೆಲ್ಲ ಕೆಸರು?"

"ಅವರು ಈ ತರಗತಿಯವರಲ್ಲ ಸರ್" ಎಂದರು ಪುಂಡಲೀಕ ಮಾಸ್ತರರು.

ಕಿಟಕಿ ತೆರೆದೇ ಇತ್ತು. ಕೊಟ್ಟಿಗೆ ದೂರವೇನೂ ಇರಲಿಲ್ಲ. ವಿನುತಾ ತಲೆ ಎತ್ತಿ ಒಮ್ಮೆ ನೋಡಿ ಮತ್ತೆ ತಗ್ಗಿಸಿದಳು.

ಸಾಹೇಬರು ಮಾಸ್ತರರ ಕೈ ಕುಲುಕಿದರು. ಇಂಥ ಪಾಠ ಜಿಲ್ಲೆಯಲ್ಲೇ ನೋಡಿಲ್ಲ, ಬೇಸಾಯ ಉಳಿಯಬೇಕು, ಬೇಕಾದವರಿಗೆ ಟೈಪಿಂಗ್ ಪಕ್ಕದಲ್ಲಿ ಇರಲಿ ಎಂದು ಹೆಡ್ ಮಾಸ್ತರರೆದುರೇ ಹೇಳಿ ಜೀಪು ಹತ್ತಿದರು. ಮಾಸ್ತರರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಕ್ಕಳ ನೆನಪಾಗಿ ಕೊಟ್ಟಿಗೆಯ ಹಿಂದೆ ಹೋದರೆ ಯಾರೂ ಇಲ್ಲ. ಮನೆಗೆ ಹೋಗಿರಬೇಕು, ನಾಳೆ ಸ್ವಲ್ಪ ಸಮಾಧಾನ ಹೇಳಿದರಾಯಿತು ಎಂದುಕೊಂಡರು.

ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ಹೊನ್ನ ಸಿಕ್ಕಿದ. ಹಲ್ಲು ಬಿಟ್ಟು ನಗುತ್ತ ಬಂದು, "ಮಾಸ್ತರೇ, ಏನೇ ಹೇಳಿ, ಮಕ್ಕಳಿಗೆ ಪಾಠ ಹೇಳೂದು ಅಂದ್ರೆ ನೀವೇಯಾ" ಎಂದ.

"ಯಾಕೋ ಹೊನ್ನ, ಸಾಹೇಬ್ರು ಹೇಳಿದ್ದು ಊರಿಗೆಲ್ಲ ಗೊತ್ತಾಯ್ತೋ?"

"ಯಾವ ಸಾಹೇಬ್ರು? ನಾ ಒಡ್ಡಿನ ಮಾತು ಹೇಳ್ತೆ. ಇವತ್ತು ಅಮಾಸೆ ಭರತಿ ಅಲ್ದಾ? ನಿಮ್ಮ ಪಾಲು ಅಡಿಯಿಂದ ನೀರು ಕುಡೀತಿತ್ತು. ಮೊನ್ನೆಯಷ್ಟೇ ಎಲ್ಲರೂ ಮೊಳಕೆ ಭತ್ತ ಚೆಲ್ಲಿದ್ರು. ಮಧ್ಯಾಹ್ನದ ಭರತಿಗೆ ಅದು ಹೋಗಿದ್ರೆ ಇಡೀ ಗಜನಿ ಉಪ್ಪಾಗ್ತಿತ್ತು. ನಾವು ದೊಡ್ಡವರು ಮುಟ್ಟೂಕಾಗ್ತದೋ? ನೀವು ಬದ್ಕಿದ್ರಿ ಮಾರಾಯ್ರೇ! ನಿಮಗೆ ಹೇಳ್ಕಳಿಸೂದು ಹೇಂಗೆ ಅಂತ ತಲೆ ಕೆರ್ಕಂತಾ ನಿಂತಿದ್ರೆ, ಬೆಳಗಾಗೂದ್ರೊಳಗೆ ನಿಮ್ಮ ಶಾಲೆ ಮಕ್ಕಳು ಇಳ್ದೇ ಬಿಟ್ರು. ಮಕ್ಕಳಿಗೆ ಆ ಕಟ್ಲೆ ಇಲ್ಲ ನೋಡಿ. ಇಳಿತ ಇದ್ದಷ್ಟೂ ಹೊತ್ತು ಮಣ್ಣು ಹೊತ್ತೇ ಹೊತ್ತರು. ಆ ಕಮಲಿ ಮಗಳು ಅಂತೂ ತೂತಿಗೆ ಹೆಗಲು ಕೊಟ್ಟು ನಿಂತ್ಕಂಡಿತ್ತು. ಮಾಸ್ತರರಿಗೆ ಹೇಳ್ರೇ ಅಂದ್ರೆ, ಬ್ಯಾಡ, ಇವತ್ತು ಅವರಿಗೆ ಸಾಹೇಬ್ರು ಬರ್ತ್ರು, ಬೇಜಾರಾಗ್ತದೆ ಅಂತು."

ಬಸ್ಸು ಬಂತು, ನಿಂತಿತು, ಹೋಯಿತು. ಮಾಸ್ತರರು ಹತ್ತಲಿಲ್ಲ.

ನಾಚಿಕೆ ಎಂದರೆ ಬೇರೆಯವರಿಗೆ ಆಗಬೇಕಾದ್ದು ಎಂದು ಅವರು ತಿಳಿದಿದ್ದರು. ಆರು ಮಕ್ಕಳು ತನ್ನ ಮಾನ ಉಳಿಸಲು ಸೊಂಟದ ತನಕ ಇಳಿದರು, ತಾನು ಅವರನ್ನು ಕೊಟ್ಟಿಗೆಯ ಹಿಂದೆ ಅಡಗಿಸಿದೆ. ಮಾಡಿದ್ದನ್ನು ಹೇಳಿಕೊಂಡಿದ್ದರೆ ಬೈಗುಳ ತಪ್ಪುತ್ತಿತ್ತು, ಆದರೂ ಮಕ್ಕಳು ಹೇಳಲಿಲ್ಲ. ಮಾಸ್ತರರು ನಡೆದೇ ಅಂಕೋಲೆಗೆ ಹೋದರು. ಹಾದಿಯುದ್ದಕ್ಕೂ ತಮ್ಮದೇ ದನಿ ಕಿವಿಯಲ್ಲಿ ಗುಂಯ್ಗುಡುತ್ತಿತ್ತು.

ಹೆಂಡತಿ ಮಂದಾಕಿನಿಗೆ ಎಲ್ಲ ಹೇಳಿಕೊಂಡರು. ಬಾಯ್ತಪ್ಪಿ ಬಂತು, ಗಡಿಬಿಡಿಯಲ್ಲಿ ಬಂತು ಎಂದರು. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಬಾಯ್ತಪ್ಪಿ ಬಂದದ್ದಲ್ಲ, ಒಳಗಿದ್ದದ್ದೇ ಬಂತು" ಎಂದಳು. "ನಮ್ಮ ಪ್ರೇಕ್ಷಾನ ಯಾಕೆ ಕಾರವಾರ್ದಲ್ಲಿ ನಿಮ್ಮ ಅಕ್ಕನ ಮನೇಲಿ ಇಟ್ಟು ಇಂಗ್ಲಿಷ್ ಶಾಲೆಗೆ ಹಾಕ್ದ್ರಿ? ಅವ್ಳಿಗೆ ಒಂದು ದಿನ ಆದ್ರೂ ಗಜನಿ ತೋರ್ಸಿದ್ರಾ? ನಾಳೆಯ ಬೇಸಾಯ ಎಲ್ಲಾ ಕಮಲಿ ಮಗ್ಳಿಗೆ, ನಮ್ಮ ಮಗ್ಳಿಗೆ ಆಫೀಸಿನ ಕುರ್ಚಿ. ಅಲ್ದಾ?"

ಇವಳು ಇಷ್ಟು ದಿನ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸುಮ್ಮನಿದ್ದಳಲ್ಲ ಎಂದು ಮಾಸ್ತರರಿಗೆ ಅದಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಅವರು ಮೊದಲು ಒಡ್ಡಿಗೆ ಹೋದರು. ಜಂತ್ರಡಿಯ ಪಕ್ಕ ಹೊಸ ಮಣ್ಣು ಇನ್ನೂ ಹಸಿಯಾಗಿತ್ತು, ಮೇಲೆಲ್ಲ ಸಣ್ಣ ಕೈಗಳು ತಟ್ಟಿದ ಗುರುತು. ಒಳಗೆ ಗದ್ದೆಯಲ್ಲಿ ಕಗ್ಗ ತಳಿಯ ಭತ್ತದ ಮೊಳಕೆ ಏನೂ ಆಗದ ಹಾಗೆ ನಿಂತಿತ್ತು. ಮಾಸ್ತರರು ಬಹಳ ಹೊತ್ತು ಅಲ್ಲಿ ನಿಲ್ಲಲಾರದೆ ಕಮಲಿಯ ಮನೆಯ ದಾರಿ ಹಿಡಿದರು. ತಪ್ಪಾಯಿತು ಎಂದು ತಾಯಿಯ ಎದುರೇ ಆ ಹುಡುಗಿಗೆ ಹೇಳಬೇಕು, ಕೂಲಿಯವರ ಹಾಗೆ ಎಂದ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಎಂದು ದಾರಿಯಲ್ಲಿ ಮಾತು ಜೋಡಿಸಿಕೊಂಡರು.

ಕಮಲಿ ಕೆಲಸಕ್ಕೆ ಹೊರಟು ನಿಂತಿದ್ದವಳು ಮಾಸ್ತರರನ್ನು ಕಂಡು ಗಡಬಡಿಸಿದಳು. ಜಗಲಿಯ ಮೇಲೆ ಚಾಪೆ ಹಾಸಿದಳು. "ಕೂತ್ಕಣಿ ಒಡೆಯಾ. ನಾನೇ ಶಾಲೆಗೆ ಬರ್ಬೇಕು ಅಂತಿದ್ದೆ, ನೀವೇ ಬಂದ್ರಿ."

"ಕಮಲೀ, ನಿನ್ನೆ ನಾನು..."

"ಮಗ್ಳು ಎಲ್ಲಾ ಹೇಳ್ತು" ಎಂದಳು ಕಮಲಿ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕಣ್ಣು ಒದ್ದೆಯಾಗಿತ್ತು. "ನಿಮ್ಮ ಕಾಲಿಗೆ ಬೀಳ್ಬೇಕು ನಾನು. ಇಷ್ಟು ವರ್ಷ ನನ್ಗೆ ನಿಮ್ಮ ಮೇಲೆ ಒಳಗೊಳಗೇ ಸಿಟ್ಟಿತ್ತು. ಮಗ್ಳು ಮನೆಗೆ ಬಂದು ಒಡ್ಡು, ಗಜನಿ, ಕಗ್ಗ ಅಂತ ಕುಣಿಯೂದು. ನಾನು ಬೆನ್ನು ಮುರ್ಕಂಡು ಶಾಲೆಗೆ ಕಳ್ಸೂದು ಇದಕ್ಕೋ? ನಿನ್ನೆ ನೀವು ಮುಖಕ್ಕೆ ಹೊಡ್ದ ಹಾಂಗೆ ಹೇಳ್ದ್ರಂತಲ್ಲ, ಮಣ್ಣಲ್ಲೇ ಸಾಯೂದಾದ್ರೆ ಶಾಲೆ ಯಾಕೆ ಅಂತ. ಅಷ್ಟು ಸಾಕಾಯ್ತು. ಇನ್ನು ಟೈಪಿಂಗಿಗೆ ಹೋಗ್ತೆ ಅಂತು. ನಾ ಹೇಳ್ದ್ರೆ ಕೇಳೂದಿಲ್ಲಾಗಿತ್ತು, ನೀವು ಹೇಳ್ದ್ರಿ, ಕೇಳ್ತು."

ಮಾಸ್ತರರು ಚಾಪೆಯ ಮೇಲೆ ಕೂತರು. ನಿನ್ನೆ ಹೇಳಿದ ಆ ಮಾತು ಸುಳ್ಳು ಎಂದರೆ ಈ ತಾಯಿಯ ಖುಷಿಯನ್ನು ಕಿತ್ತುಕೊಂಡ ಹಾಗೆ. ನಿಜ ಎಂದರೆ ತಾನು ಹತ್ತು ವರ್ಷ ಹೇಳಿದ್ದೆಲ್ಲ ಸುಳ್ಳು. ಯಾವುದನ್ನು ಹೇಳುವುದು?

"ನಿಮ್ಮ ಮಗ್ಳು ಕಾರವಾರ್ದಲ್ಲಿ ಯಾವ ಶಾಲೆ ಒಡೆಯಾ? ಮುಂದೆ ಇವಳನ್ನೂ ಅಲ್ಲೇ ಹಾಕೂಕೆ ಆಗ್ತದೋ ಏನೋ" ಎಂದು ಕಮಲಿ ಕೇಳುತ್ತಲೇ ಇದ್ದಳು.

ವಿನುತಾ ಒಳಗಿನಿಂದ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದಿಟ್ಟಳು. ಜಡೆ ತೊಳೆದು ಎಣ್ಣೆ ಹಾಕಿ ಬಿಗಿದಿತ್ತು. ಎಡ ಹೆಗಲು ಸ್ವಲ್ಪ ವಾಲಿಸಿಕೊಂಡು ನಿಂತಿದ್ದಳು, ನೋಯುತ್ತಿರಬೇಕು. "ತಪ್ಪಾಯ್ತು ಮಾಸ್ತರೇ" ಎಂದಳು. "ಮೈ ತೊಳ್ಕಂಡೇ ಬರ್ಬೇಕಾಗಿತ್ತು."

ತಾನು ಹೇಳಬೇಕೆಂದು ಬಂದ ಮಾತನ್ನು ಅವಳು ಹೇಳಿದಳು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಬೇರೇನೂ ತೋಚದೆ, "ಒಡ್ಡಿನ ಕೆಲಸ ಬಾಳ ಚೊಲೋ ಮಾಡಿದ್ರಿ ಮಗಾ" ಎಂದರು.

ವಿನುತಾ ತಾಯಿಯ ಮುಖ ನೋಡಿದಳು, ಮಾಸ್ತರರ ಮುಖ ನೋಡಿದಳು. "ಯಾವ ಒಡ್ಡು ಮಾಸ್ತರೇ? ನಾವು ದಾರೀಲಿ ಕಾಲು ಜಾರಿ ಬಿದ್ದದ್ದು" ಎಂದಳು.

ಮಾಸ್ತರರು ನೀರು ಕುಡಿದು ಎದ್ದರು. ಬೆಲ್ಲ ಮುಟ್ಟಲಾಗಲಿಲ್ಲ. ಗದ್ದೆಯ ದಾರಿಯಲ್ಲಿ ಎದುರಾದವರೆಲ್ಲ ನಿಂತು ನಮಸ್ಕಾರ ಮಾಡಿದರು, ಶಾಲೆಯಲ್ಲಿ ಬೇಸಾಯ ಉಳಿಯಿತಂತೆ, ಒಳ್ಳೇದಾಯ್ತು ಎಂದರು. ಅವರು ತಲೆ ತಗ್ಗಿಸಿಯೇ ಶಾಲೆಯ ಕಡೆ ನಡೆದರು.

ಮುಂದಿನ ಸೋಮವಾರ ಅವರ ಪಾಠವಿತ್ತು. ಟೈಪಿಂಗ್ ಮಿಷನ್ನುಗಳು ಇನ್ನೂ ಬಂದಿರಲಿಲ್ಲ, ಹಾಗಾಗಿ ಆರೂ ಮಕ್ಕಳು ತರಗತಿಯಲ್ಲೇ ಇದ್ದರು. ಅಂಗಿ ಒಗೆದು ಬೆಳ್ಳಗೆ, ಕಾಲು ತೊಳೆದು, ಕೈ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಾಸ್ತರರು ಈ ಸಲ ಕೊಡೆ ತಂದಿರಲಿಲ್ಲ. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದರು. ಇವತ್ತು ತಾನೇ ಮೊದಲು ಇಳಿಯಬೇಕು, ಬಾಯಲ್ಲಿ ಹೇಳಲಾಗದ್ದನ್ನು ಹಾಗಾದರೂ ಹೇಳಬೇಕು ಎಂದು ಮನಸ್ಸು ಮಾಡಿ ಬಂದಿದ್ದರು.

"ಏಳ್ರೋ, ಏಳ್ರೇ" ಎಂದರು. "ಗಜನಿಗೆ ಹೋಗ್ವಾ."

ಯಾರೂ ಏಳಲಿಲ್ಲ. ಮಕ್ಕಳು ತಮ್ಮ ತಮ್ಮ ಅಂಗಿಯ ಕಡೆ ನೋಡಿಕೊಂಡರು. ಆಮೇಲೆ ತಿಮ್ಮು ನಿಧಾನವಾಗಿ ಎದ್ದು ನಿಂತ.

"ಮೈ ಕೆಸರಾಗ್ತದಲ್ಲ ಮಾಸ್ತರೇ?" ಎಂದು ಕೇಳಿದ.

ತಿಮ್ಮು ಕೊಂಕು ಮಾತಾಡುವ ಹುಡುಗನಲ್ಲ. ಮಾಸ್ತರರು ಕಲಿಸಿದ್ದನ್ನು ಕಲಿತು, ಅದನ್ನೇ ಒಪ್ಪಿಸುತ್ತಿದ್ದ.